ಬಟನ್, ಬಟನ್, ಹೆಸರಿಲ್ಲದ ಬಟನ್

ಪುಟ ಕಣ್ಣಿಗೆ ಚೆಂದ, ಕಿವಿಗೆ ಮೂಕ. ಕೊಡಂಗಲ್‌ನ ಮೀಸೇವ ಬೆಂಚಿನಿಂದ ಸುಪ್ರೀಂ ಕೋರ್ಟಿನ ಪೀಠದವರೆಗೆ ಇದೇ ತಕರಾರು. ತನ್ನ ಅರ್ಜಿ ತಾನೇ ತುಂಬಬೇಕೆಂಬ ಹುಡುಗನಿಗೂ ಆ ಅರ್ಜಿಗೂ ನಡುವೆ ಅಡ್ಡ ನಿಂತಿರುವುದು ಯಾರೋ ಬರೆಯದೆ ಬಿಟ್ಟ ನಾಲ್ಕಕ್ಷರ!

“ಎಡಿಟ್ ಬಾಕ್ಸ್. ಎಡಿಟ್ ಬಾಕ್ಸ್. ಎಡಿಟ್ ಬಾಕ್ಸ್. ಚಿತ್ರ. ಹೆಸರಿಲ್ಲದ ಬಟನ್. ಹೆಸರಿಲ್ಲದ ಬಟನ್.”

ಮೇ ತಿಂಗಳ ಮಟಮಟ ಮಧ್ಯಾಹ್ನ. ತೆಲಂಗಾಣದ ಕೊಡಂಗಲ್‌ನ ಒಂದು ಮೀಸೇವ ಅಂಗಡಿಯ, ಎಂದರೆ ಸರ್ಕಾರಿ ಆನ್‌ಲೈನ್ ಸೇವಾ ಕೇಂದ್ರದ, ಬೆಂಚಿನ ತುದಿಗೆ ಕೂತ ಹುಡುಗನ ಮೊಬೈಲು ಹೀಗೆ ಒಂದೇ ಸಮನೆ ವದರುತ್ತಿದೆ. ಡಿಗ್ರಿ ಮುಗಿದಿದೆ. ಹೈದರಾಬಾದಿನ ಖಾಸಗಿ ಕಂಪನಿಯೊಂದಕ್ಕೆ ನೌಕರಿ ಅರ್ಜಿ ಹಾಕಬೇಕು. ಹುಟ್ಟಿದಾಗಿನಿಂದ ಅವನಿಗೆ ಕಣ್ಣು ಕಾಣದು.

ಬೆರಳನ್ನು ಬಲಕ್ಕೆ ಜಾರಿಸಿದಂತೆಲ್ಲ ಮೊಬೈಲಿನ ದನಿ ಪುಟದ ಮೇಲೆ ಮುಂದೇನಿದೆ ಎಂದು ಹೇಳುತ್ತ ಹೋಗುತ್ತದೆ. ಆ ದನಿಯ ಓಟಕ್ಕೆ ಪಕ್ಕದಲ್ಲಿ ಕೂತವರಿಗೆ ಅದು ಯಾವ ಭಾಷೆ ಎಂಬುದೇ ತಿಳಿಯದು. ಅವನಿಗೆ ಪೂರ್ತಿ ತಿಳಿಯುತ್ತದೆ. ತಿಳಿಯದಿರುವುದು ಒಂದೇ. ಈ ಮೂರು ಬಾಕ್ಸ್‌ಗಳಲ್ಲಿ ಹೆಸರು ಬರೆಯುವುದು ಯಾವುದರಲ್ಲಿ, ಹುಟ್ಟಿದ ದಿನ ಯಾವುದರಲ್ಲಿ, ಬ್ಯಾಂಕ್ ಖಾತೆ ಯಾವುದರಲ್ಲಿ?

“ಯಾವ್ ಬಾಕ್ಸಿನಾಗ ಏನ್ ಬರೀಬೇಕಂತ ಇದು ಹೇಳವಲ್ದು ಅಣ್ಣಾ.”

“ತಾ ಇಲ್ಲಿ, ನಾನೇ ತುಂಬ್ತೀನಿ. ಪಾಸ್‌ವರ್ಡ್ ಏನದ ಹೇಳು.”

ಹುಡುಗ ಹೇಳುತ್ತಾನೆ. ಸರದಿಯಲ್ಲಿ ನಿಂತವರಿಗೂ ಕೇಳುತ್ತದೆ. ಆಮೇಲೆ ಆಧಾರ್ ನಂಬರು, ಖಾತೆ ನಂಬರು, ಓಟಿಪಿ ಎಲ್ಲವೂ ಹಾಗೆಯೇ ಬಾಯಿಬಿಟ್ಟು. ಅಂಗಡಿಯವನು ಒಳ್ಳೆಯವನು, ತಪ್ಪಿಲ್ಲದೆ ತುಂಬಿಕೊಟ್ಟ. ನಾಳೆ ಇನ್ನೊಂದು ಅಂಗಡಿ, ಇನ್ನೊಬ್ಬ ಮನುಷ್ಯ.

ಹೀಗಾಗಬಾರದು, ಪುಟಗಳು ಎಲ್ಲರಿಗೂ ಬಳಸಲು ಬರುವಂತಿರಬೇಕು ಎಂದು ನೆನಪಿಸಲು ಪ್ರತಿ ವರ್ಷ ಮೇ ತಿಂಗಳ ಮೂರನೆಯ ಗುರುವಾರ ಜಗತ್ತಿನ ಅನೇಕ ಕಡೆ ‘ಪ್ರವೇಶಸಾಧ್ಯತೆಯ ಅರಿವಿನ ದಿನ’ ಆಚರಿಸುತ್ತಾರೆ. ಲಾಸ್ ಏಂಜಲೀಸ್‌ನ ಜೋ ಡೆವನ್ ಎಂಬ ವೆಬ್ ತಂತ್ರಜ್ಞ ಇಂಥ ದಿನ ಬೇಕೆಂದು 2011ರಲ್ಲಿ ಬರೆದ ಪುಟ್ಟ ಬರಹ ಟೊರಾಂಟೊದ ಜೆನಿಸನ್ ಅಸನ್ಷನ್ ಕಣ್ಣಿಗೆ ಬಿತ್ತು. ತಪ್ಪಿ ಹೇಳಿದೆ, ಕಿವಿಗೆ ಬಿತ್ತು. ಅಸನ್ಷನ್ ಅವರಿಗೆ ದೃಷ್ಟಿಯಿಲ್ಲ. ಇಬ್ಬರೂ ಸೇರಿ 2012ರಲ್ಲಿ ದಿನ ಗೊತ್ತುಮಾಡಿದರು. ಅಂದು ಮೌಸ್ ಮುಟ್ಟದೆ, ಪರದೆ ನೋಡದೆ ಒಂದು ಗಂಟೆ ಕಂಪ್ಯೂಟರ್ ಬಳಸಿ ನೋಡಿ ಎಂಬುದು ಕರೆ. ನಮ್ಮ ಕಡೆ ಆ ಗುರುವಾರ ಎಂದಿನ ಸಂತೆ, ಎಂದಿನ ಬಿಸಿಲು.

ದನಿಗೆ ಕಣ್ಣಿಲ್ಲ

ಹುಡುಗನ ಮೊಬೈಲಿನಲ್ಲಿ ಮಾತಾಡುತ್ತಿದ್ದದ್ದು ಸ್ಕ್ರೀನ್ ರೀಡರ್. ಹೆಸರು ಕೇಳಿದರೆ ಪರದೆಯನ್ನು ನೋಡಿ ಓದುತ್ತದೆ ಅನ್ನಿಸುತ್ತದೆ. ಅದು ಪರದೆ ನೋಡುವುದಿಲ್ಲ. ಪುಟ ಕಟ್ಟಿದವರು ಒಳಗೆ ಬರೆದಿಟ್ಟ ಸಂಕೇತವನ್ನು ಬ್ರೌಸರ್ ಒಂದು ಪಟ್ಟಿ ಮಾಡಿ ಕೈಗೆ ಕೊಡುತ್ತದೆ. ಇದು ಶೀರ್ಷಿಕೆ, ಇದು ಕೊಂಡಿ, ಇದು ಬಟನ್, ಇದರ ಹೆಸರು ಇಂಥದ್ದು ಎಂದು. ಆ ಪಟ್ಟಿಯನ್ನು ಸ್ಕ್ರೀನ್ ರೀಡರ್ ಮಾತಾಗಿಸುತ್ತದೆ, ಅಷ್ಟೇ.

ಕಣ್ಣಿದ್ದವರು ಬಾಕ್ಸಿನ ಎಡಕ್ಕೆ ‘ಹೆಸರು’ ಎಂದು ಅಚ್ಚಾಗಿದ್ದರೆ ಎರಡನ್ನೂ ತಾವೇ ಜೋಡಿಸಿಕೊಳ್ಳುತ್ತಾರೆ. ಯಂತ್ರಕ್ಕೆ ಆ ಜೋಡಣೆ ಹೇಳಿಕೊಡಬೇಕು. ಹೇಳಿಕೊಡಲು ಬೇಕಾದ್ದು ಒಂದು ಸಾಲು. ಅದನ್ನು ಬರೆಯದೆ ಬಿಟ್ಟರೆ ಪುಟ, ಒಂದೇ ಅಳತೆಯ ಸ್ಟೀಲ್ ಡಬ್ಬಿಗಳನ್ನು ಚೀಟಿ ಅಂಟಿಸದೆ ಸಾಲಾಗಿಟ್ಟ ಅಡುಗೆಮನೆಯಾಗುತ್ತದೆ. ಸಕ್ಕರೆ ಯಾವುದು, ಉಪ್ಪು ಯಾವುದು? ಒಂದೊಂದೇ ತೆಗೆದು ಮೂಸಿ ನೋಡಬೇಕು.

ಇದು ಕೊಡಂಗಲ್‌ನ ಕರ್ಮವಷ್ಟೇ ಅಲ್ಲ. ಅಮೆರಿಕದ ಯೂಟಾ ರಾಜ್ಯ ವಿಶ್ವವಿದ್ಯಾಲಯದಲ್ಲಿರುವ ವೆಬ್‌ಏಮ್ ಸಂಸ್ಥೆ ವರ್ಷಕ್ಕೊಮ್ಮೆ ಜಗತ್ತಿನ 10 ಲಕ್ಷ ಜಾಲತಾಣಗಳ ಮುಖಪುಟಗಳನ್ನು ಯಂತ್ರದಿಂದ ತಪಾಸಣೆ ಮಾಡಿಸುತ್ತದೆ. 2025ರಲ್ಲಿ ನೂರಕ್ಕೆ 94.8 ಪುಟಗಳಲ್ಲಿ ದೋಷ ಸಿಕ್ಕಿತು. ದೋಷಗಳಾದರೂ ಎಂಥವು? ವರ್ಷವರ್ಷವೂ ಅವೇ ಆರು. ಮಂಕು ಬಣ್ಣದ ಅಕ್ಷರ, ವಿವರಣೆಯಿಲ್ಲದ ಚಿತ್ರ, ಹೆಸರಿಲ್ಲದ ಬಾಕ್ಸ್, ಖಾಲಿ ಕೊಂಡಿ, ಖಾಲಿ ಬಟನ್, ಯಾವ ಭಾಷೆಯ ಪುಟ ಎಂದು ಹೇಳದಿರುವುದು. ಇವುಗಳಲ್ಲಿ ಒಂದಕ್ಕಾದರೂ ರಾಕೆಟ್ ವಿಜ್ಞಾನಿ ಬೇಕಿಲ್ಲ.

ಆರನೆಯದನ್ನು ಮಾತ್ರ ಸ್ವಲ್ಪ ನಿಂತು ನೋಡೋಣ. ಕೊಡಂಗಲ್‌ನಂಥ ಊರಿಗೆ ಅದು ಎಲ್ಲಕ್ಕಿಂತ ಹೆಚ್ಚು ತಟ್ಟುತ್ತದೆ.

ಗೆರೆ ಸರಿಯಿತು, ನಾಲಗೆ ಉಳಿಯಿತು

1956ರ ನವೆಂಬರ್ 1ರವರೆಗೆ ಕೊಡಂಗಲ್, ತಾಂಡೂರು ಎರಡೂ ಹೈದರಾಬಾದ್ ರಾಜ್ಯದ ಗುಲ್ಬರ್ಗಾ ಜಿಲ್ಲೆಯ ತಾಲ್ಲೂಕುಗಳು. ನಾರಾಯಣಖೇಡ, ಜಹೀರಾಬಾದ್ ಬೀದರ್ ಜಿಲ್ಲೆಯವು. ರಾಜ್ಯ ಪುನರ್ವಿಂಗಡಣೆಯಲ್ಲಿ ಗೆರೆ ಸರಿದು ಇವೆಲ್ಲ ಆಂಧ್ರಪ್ರದೇಶಕ್ಕೆ ಸೇರಿದವು. 2014ರಲ್ಲಿ ತೆಲಂಗಾಣವಾಯಿತು, 2016ರಲ್ಲಿ ಕೊಡಂಗಲ್ ಹೊಸ ವಿಕಾರಾಬಾದ್ ಜಿಲ್ಲೆಯ ಪಾಲಾಯಿತು. ಈಗ ಅದು ಮುಖ್ಯಮಂತ್ರಿ ರೇವಂತ್ ರೆಡ್ಡಿಯವರ ಕ್ಷೇತ್ರ.

ಗೆರೆ ಎಷ್ಟು ಸಲ ಸರಿದರೂ ಮನೆಮಾತು ಸರಿಯಲಿಲ್ಲ. ತಾಂಡೂರಿನ ಭಾವಿಗಿ ಭದ್ರೇಶ್ವರನ ಜಾತ್ರೆಗೆ, ಝರಾಸಂಗಮದ ಕೇತಕಿ ಸಂಗಮೇಶ್ವರನ ದರ್ಶನಕ್ಕೆ ಸೇಡಂ, ಚಿಂಚೋಳಿ, ಬೀದರ್ ಕಡೆಯ ಮಂದಿ ಇಂದಿಗೂ ಕನ್ನಡ ಮಾತಾಡುತ್ತಲೇ ಬರುತ್ತಾರೆ, ಕನ್ನಡದಲ್ಲೇ ಉತ್ತರ ಪಡೆಯುತ್ತಾರೆ. ಅನೇಕ ಮನೆಗಳಲ್ಲಿ ಒಲೆಯ ಮುಂದೆ ಕನ್ನಡ, ಶಾಲೆಯಲ್ಲಿ ತೆಲುಗು, ಕಲ್ಲಿನ ವ್ಯಾಪಾರದಲ್ಲಿ ಉರ್ದು, ಅರ್ಜಿಯ ಪುಟದಲ್ಲಿ ಇಂಗ್ಲಿಷು. ಕಿವಿಯಿಂದಲೇ ಓದುವವನ ಮೊಬೈಲಿಗೆ ಇದು ನಾಲ್ಕು ಬೇರೆ ಬೇರೆ ಕಂಠ.

ಸ್ಕ್ರೀನ್ ರೀಡರ್‌ಗೆ ಪ್ರತಿ ಭಾಷೆಗೂ ಪ್ರತ್ಯೇಕ ಕಂಠ ಬೇಕು. ಕನ್ನಡದ ಕಂಠಕ್ಕೆ ಕನ್ನಡದ ಉಚ್ಚಾರದ ನಿಯಮ, ತೆಲುಗಿಗೆ ತೆಲುಗಿನದು. ಯಾವ ಸಾಲಿಗೆ ಯಾವ ಕಂಠ ಎಂಬುದನ್ನು ಪುಟವೇ ಹೇಳಬೇಕು. ವಿಧಾನ ಅತಿ ಸುಲಭ. ಪುಟದ ಮೊದಲ ಸಾಲಿನಲ್ಲಿ ಕನ್ನಡಕ್ಕೆ ‘ಕೆಎನ್’, ತೆಲುಗಿಗೆ ‘ಟಿಇ’, ಉರ್ದುವಿಗೆ ‘ಯುಆರ್’ ಎಂಬ ಎರಡಕ್ಷರದ ಗುರುತು. ನಡುವೆ ಭಾಷೆ ಬದಲಾದರೆ ಆ ವಾಕ್ಯಕ್ಕೂ ಒಂದು ಗುರುತು.

ಗುರುತೇ ಇಲ್ಲದಿದ್ದರೆ? ಇಲ್ಲವೇ ಯಾವುದೋ ಸಿದ್ಧ ಮಾದರಿ ತಂದು, ಅದರಲ್ಲಿದ್ದ ಇಂಗ್ಲಿಷ್ ಗುರುತು ಅಳಿಸದೆ ಒಳಗೆ ತೆಲುಗು ತುಂಬಿದ್ದರೆ? ಇಂಗ್ಲಿಷ್ ಕಂಠ ತೆಲುಗು ಅಕ್ಷರದ ಮುಂದೆ ತಬ್ಬಿಬ್ಬಾಗುತ್ತದೆ. ಕೆಲವು ಕಂಠಗಳು ಸುಮ್ಮನಾಗಿ ಮುಂದೆ ಹೋಗುತ್ತವೆ, ಕೆಲವು ಬಿಡಿಬಿಡಿಯಾಗಿ ಏನೋ ಒದರುತ್ತವೆ. ಸುಮ್ಮನಾಗುವುದೇ ಹೆಚ್ಚು ಅಪಾಯ. ಅಲ್ಲಿ ಒಂದು ಪ್ಯಾರಾ ಇತ್ತು ಎಂಬುದೇ ಕೇಳುವವನಿಗೆ ಗೊತ್ತಾಗುವುದಿಲ್ಲ.

ಲಿಪಿ ನೋಡಿ ಊಹಿಸುವ ಜಾಣ ಕಂಠಗಳು ಈಗ ಬಂದಿವೆ ಎನ್ನಬಹುದು. ಬಂದಿವೆ. ಯುನಿಕೋಡ್ ಎಂಬ ಅಕ್ಷರಸಂಕೇತ ವ್ಯವಸ್ಥೆಯಲ್ಲಿ ಪ್ರತಿ ಲಿಪಿಗೂ ತನ್ನದೇ ಕೇರಿ ಇರುವುದರಿಂದ ಕನ್ನಡ ಯಾವುದು, ತೆಲುಗು ಯಾವುದು ಎಂದು ಹೇಳಲು ಯಂತ್ರಕ್ಕೆ ಕಷ್ಟವಿಲ್ಲ. 1991ರ ಮೊದಲ ಆವೃತ್ತಿಯಿಂದಲೂ ಅಲ್ಲಿ ತೆಲುಗಿನ 128 ಮನೆಗಳು ಮುಗಿದ ಮರುಗಳಿಗೆಗೇ ಕನ್ನಡದ 128 ಮನೆಗಳು ಶುರು. ಕೊಡಂಗಲ್-ಸೇಡಂ ಹಾಗೆಯೇ ಪಕ್ಕಪಕ್ಕ. ಆದರೆ ನಾಗರಿ ಲಿಪಿ ಕಂಡರೆ ಅದು ಹಿಂದಿಯೋ ಮರಾಠಿಯೋ? ಜಹೀರಾಬಾದ್, ನಾರಾಯಣಖೇಡದ ಕಡೆ ಮರಾಠಿಯೂ ದೂರದ್ದೇನಲ್ಲ. ತೆಲುಗು ಶಾಲೆಯಲ್ಲಿ ಕಲಿತವರು ಕನ್ನಡದ ಮಾತನ್ನು ತೆಲುಗು ಲಿಪಿಯಲ್ಲಿ ವಾಟ್ಸ್ಆ್ಯಪ್‌ಗೆ ಹಾಕಿದರೆ ತೆಲುಗು ಕಂಠ ಅದನ್ನು ತನ್ನ ರಾಗದಲ್ಲೇ ಓದುತ್ತದೆ. ಅದಕ್ಕೆ ಮಾತ್ರ ಈ ಸೀಮೆಯವರು ನಕ್ಕು ಹೊಂದಿಕೊಳ್ಳುತ್ತಾರೆ. ಎದುರಾಎದುರು ಮಾತಲ್ಲೂ ಆಗುವುದು ಅದೇ ತಾನೆ.

[ಬಾಕ್ಸ್] ಕಿವಿಯ ಓದು ಹೇಗೆ?

ಕಣ್ಣಿದ್ದವರು ಪುಟವನ್ನು ಮೇಲಿಂದ ಕೆಳಗೆ ಪೂರ್ತಿ ಓದುವುದಿಲ್ಲ, ಕಣ್ಣಾಡಿಸುತ್ತಾರೆ. ಸ್ಕ್ರೀನ್ ರೀಡರ್ ಬಳಸುವವರೂ ಕಿವಿಯಾಡಿಸುತ್ತಾರೆ. ಕಂಪ್ಯೂಟರಿನ ಎನ್‌ವಿಡಿಎ ತಂತ್ರಾಂಶದಲ್ಲಿ ‘ಎಚ್’ ಒತ್ತಿದರೆ ಮುಂದಿನ ಶೀರ್ಷಿಕೆ, ‘ಕೆ’ ಒತ್ತಿದರೆ ಮುಂದಿನ ಕೊಂಡಿ, ‘ಬಿ’ಗೆ ಬಟನ್, ‘ಟಿ’ಗೆ ಕೋಷ್ಟಕ, ‘ಎಫ್’ಗೆ ತುಂಬಬೇಕಾದ ಜಾಗ. ಆಂಡ್ರಾಯ್ಡ್ ಮೊಬೈಲಿನ ಟಾಕ್‌ಬ್ಯಾಕ್‌ನಲ್ಲಿ ಬೆರಳು ಜಾರಿಸಿದರೆ ಮುಂದಿನದು, ಎರಡು ಸಲ ತಟ್ಟಿದರೆ ಆಯ್ಕೆ.

ದಪ್ಪ ಅಕ್ಷರ ಹಾಕಿ ‘ಇದೇ ಶೀರ್ಷಿಕೆ’ ಎಂದುಕೊಂಡರೆ ‘ಎಚ್’ಗೆ ಏನೂ ಸಿಗುವುದಿಲ್ಲ. ಒಂದು ಪುಟದಲ್ಲಿ ಇಪ್ಪತ್ತು ‘ಇಲ್ಲಿ ಕ್ಲಿಕ್ ಮಾಡಿ’ ಇದ್ದರೆ ‘ಕೆ’ಗೆ ಸಿಗುವುದು ಇಪ್ಪತ್ತು ‘ಇಲ್ಲಿ ಕ್ಲಿಕ್ ಮಾಡಿ’.

ಕಣ್ಣಿಗೆ ಕನ್ನಡ, ಕಿವಿಗೆ ಕಸ

ಕನ್ನಡಿಗರಿಗೆ ಚೆನ್ನಾಗಿ ಪರಿಚಯವಿರುವ ಇನ್ನೊಂದು ತೊಂದರೆಯೂ ಇದೆ, ಅದರ ಬೇರು ನಮ್ಮ ಡಿಟಿಪಿ ಅಂಗಡಿಗಳಲ್ಲಿದೆ.

ಯುನಿಕೋಡ್ ನೆಲೆಗೊಳ್ಳುವ ಮೊದಲು ಕಂಪ್ಯೂಟರಿನಲ್ಲಿ ಕನ್ನಡ ಮೂಡಿಸಲು ಒಂದು ಉಪಾಯ ಹೂಡಿದ್ದರು. ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಜಾಗದಲ್ಲಿ ಕನ್ನಡ ಅಕ್ಷರಗಳ ಚೂರುಪಾರು ಆಕಾರಗಳನ್ನು ಕೂರಿಸುವುದು. ಹಳೆಯ ನುಡಿ, ಬರಹ ಫಾಂಟುಗಳು ನಡೆದದ್ದು ಹೀಗೆ. ಆ ಕಾಲಕ್ಕೆ ಅವು ಕನ್ನಡವನ್ನು ಉಳಿಸಿದವು, ಆ ಋಣ ದೊಡ್ಡದು. ತೆಲುಗಿನವರ ಅನು ಫಾಂಟುಗಳ ಕತೆಯೂ ಇದೇ.

ಆದರೆ ಹಾಗೆ ಬರೆದದ್ದು ಕಣ್ಣಿಗಷ್ಟೇ ಕನ್ನಡ. ಯಂತ್ರದ ಲೆಕ್ಕದಲ್ಲಿ ಅದು ಸೊಟ್ಟಪಟ್ಟ ಚಿಹ್ನೆಗಳ ಇಂಗ್ಲಿಷು. ಆಮಂತ್ರಣ, ಸುತ್ತೋಲೆ, ಪ್ರಶ್ನೆಪತ್ರಿಕೆ, ಯಾವುದನ್ನೇ ಆಗಲಿ ಹಳೆಯ ಫಾಂಟಿನಲ್ಲಿ ಹೊಡೆದು ಪಿಡಿಎಫ್ ಮಾಡಿ ಜಾಲತಾಣಕ್ಕೆ ಏರಿಸಿದರೆ ಸ್ಕ್ರೀನ್ ರೀಡರ್ ಓದುವುದು ಅರ್ಥವಿಲ್ಲದ ತೊದಲು. ಮುದ್ರಣದವರು ಇಂದಿಗೂ ಆ ಫಾಂಟುಗಳನ್ನು ಬಿಟ್ಟಿಲ್ಲ. ಅಚ್ಚಿಗೆ ಬೇಕಾದರೆ ಬಳಸಲಿ. ಜಾಲಕ್ಕೆ ಏರಿಸುವ ಮೊದಲು ಯುನಿಕೋಡ್‌ಗೆ ಪರಿವರ್ತಿಸುವ ಉಚಿತ ಸಾಧನಗಳಿವೆ.

ಇದಕ್ಕಿಂತ ಕೆಟ್ಟದ್ದು ಸ್ಕ್ಯಾನ್ ಮಾಡಿದ ಪುಟ. ಸಾಹೇಬರ ಸಹಿ, ರಬ್ಬರ್ ಮೊಹರು ಬಿದ್ದ ಕಾಗದವನ್ನು ಅಡ್ಡಾದಿಡ್ಡಿ ಇಟ್ಟು ಫೋಟೊ ತೆಗೆದು ಪಿಡಿಎಫ್ ಎಂದು ಹಾಕುತ್ತಾರೆ. ಅದೇ ಆದೇಶ ಕಂಪ್ಯೂಟರಿನಲ್ಲೇ ಟೈಪಾದದ್ದು, ಓದಬಲ್ಲ ಕಡತವಾಗಿಯೇ ಇದ್ದದ್ದು. ಅದನ್ನು ಅಚ್ಚು ಹಾಕಿ, ಸಹಿ ಮಾಡಿ, ಮತ್ತೆ ಚಿತ್ರವಾಗಿಸಿ ಮೂಕ ಮಾಡುವುದಕ್ಕೆ ನಾವು ಹೆಚ್ಚುವರಿ ದುಡಿಮೆ ಮಾಡುತ್ತಿದ್ದೇವೆ.

ಚಿತ್ರದೊಳಗಿನ ಕನ್ನಡವನ್ನು ಮರಳಿ ಅಕ್ಷರವಾಗಿಸುವ ಕೆಲಸ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಎ.ಜಿ. ರಾಮಕೃಷ್ಣನ್ ಅವರ ತಂಡದಿಂದ ನಡೆಯಿತು. ಅವರ ‘ಲಿಪಿ ಜ್ಞಾನಿ’ ಮುದ್ರಿತ ಕನ್ನಡ ಪುಟವನ್ನು ಓದಿ ಅಕ್ಷರವಾಗಿಸುತ್ತದೆ. ಪಠ್ಯವನ್ನು ಮಾತಾಗಿಸುವ ಕನ್ನಡ ಕಂಠವನ್ನೂ ಅದೇ ಪ್ರಯೋಗಾಲಯ ರೂಪಿಸಿತು. ಬೆಂಗಳೂರಿನಲ್ಲೇ, ಸ್ವತಃ ದೃಷ್ಟಿಯಿಲ್ಲದ ಮಧು ಸಿಂಘಾಲ್ 1990ರಲ್ಲಿ ಕಟ್ಟಿದ ಮಿತ್ರಜ್ಯೋತಿ ಸಂಸ್ಥೆ ಮಾತಾಡುವ ಪುಸ್ತಕಗಳ ಗ್ರಂಥಾಲಯ ನಡೆಸುತ್ತ ಬಂದಿದೆ. 2016ರಲ್ಲಿ ಶುರುವಾದ ‘ಸುಗಮ್ಯ ಪುಸ್ತಕಾಲಯ’ ಇಂಥ ಗ್ರಂಥಾಲಯಗಳ ಸಂಗ್ರಹವನ್ನು ಆನ್‌ಲೈನಿನಲ್ಲಿ ಒಂದುಗೂಡಿಸಿತು.

ಕಣ್ಣಿಲ್ಲದ ಮಗುವೆಂದರೆ ಗದಗಿಗೆ ಕಳಿಸಿ, ವೀರೇಶ್ವರ ಪುಣ್ಯಾಶ್ರಮದಲ್ಲಿ ಹಾಡು ಕಲಿಯಲಿ ಎನ್ನುವುದು ಕಲಬುರಗಿ ಸೀಮೆಯ ಹಳೆಯ ಬುದ್ಧಿಮಾತು. ಪಂಚಾಕ್ಷರಿ ಗವಾಯಿ, ಪುಟ್ಟರಾಜ ಗವಾಯಿಯವರು ಎಷ್ಟು ಬದುಕುಗಳನ್ನು ಎತ್ತಿ ನಿಲ್ಲಿಸಿದರೆಂಬುದಕ್ಕೆ ಲೆಕ್ಕವಿಲ್ಲ. ಆದರೆ ಎಲ್ಲ ಮಕ್ಕಳಿಗೂ ಕಂಠವಿರುವುದಿಲ್ಲ. ಒಬ್ಬನಿಗೆ ಬ್ಯಾಂಕ್ ಪರೀಕ್ಷೆ ಬೇಕು, ಇನ್ನೊಬ್ಬಳಿಗೆ ಕೋಡಿಂಗ್ ಬೇಕು.

ಸಿಡ್ನಿಯ ತಕರಾರು

ಜಾಲತಾಣದ ವಿಷಯಕ್ಕೆ ಮೊಟ್ಟಮೊದಲು ಗಟ್ಟಿಯಾಗಿ ಜಗಳಕ್ಕೆ ನಿಂತವರಲ್ಲಿ ಒಬ್ಬರು ಆಸ್ಟ್ರೇಲಿಯಾದ ಬ್ರೂಸ್ ಮಗ್ವೈರ್. 2000ನೇ ಇಸವಿಯ ಸಿಡ್ನಿ ಒಲಿಂಪಿಕ್ಸ್‌ಗೆ ಆಯೋಜಕರು ಮಾಡಿದ ಜಾಲತಾಣ ಅವರ ಬ್ರೈಲ್ ಪರದೆಗೆ ಸಿಗುತ್ತಿರಲಿಲ್ಲ. ಚಿತ್ರಗಳಿಗೆ ವಿವರಣೆಯಿಲ್ಲ, ಕ್ರೀಡೆಗಳ ಸೂಚಿಗೆ ದಾರಿಯಿಲ್ಲ. 1999ರಲ್ಲಿ ಮಾನವ ಹಕ್ಕುಗಳ ಆಯೋಗಕ್ಕೆ ದೂರು ಕೊಟ್ಟರು.

ಆಯೋಜಕರ ವಾದ ಇಂದಿಗೂ ಕೇಳಿಬರುವಂಥದ್ದೇ. ಬಹಳ ಪುಟಗಳಿವೆ, ಬಹಳ ಖರ್ಚು, ಬಹಳ ಸಮಯ ಬೇಕು. ಆಯೋಗ ಒಪ್ಪಲಿಲ್ಲ, 2000ದ ಆಗಸ್ಟ್‌ನಲ್ಲಿ ಮಗ್ವೈರ್ ಪರ ತೀರ್ಪು ಕೊಟ್ಟಿತು. ಆಯೋಜಕರು ಆದೇಶವನ್ನು ಪೂರ್ತಿ ಪಾಲಿಸದ್ದಕ್ಕೆ 20,000 ಆಸ್ಟ್ರೇಲಿಯನ್ ಡಾಲರ್ ತೆರಬೇಕಾಯಿತು. ಅಷ್ಟರಲ್ಲಿ ಒಲಿಂಪಿಕ್ಸ್ ಮುಗಿದಿತ್ತು.

ಅದೇ ಆಸ್ಟ್ರೇಲಿಯಾದಲ್ಲಿ 2006ರಲ್ಲಿ ಮೈಕೆಲ್ ಕರನ್ ಎಂಬ ಯುವಕ ತನ್ನದೇ ಸ್ಕ್ರೀನ್ ರೀಡರ್ ಬರೆಯಲು ಕೂತ. ಆಗ ಮಾರುಕಟ್ಟೆಯಲ್ಲಿದ್ದ ಸ್ಕ್ರೀನ್ ರೀಡರ್‌ಗಳ ಬೆಲೆ ಕೆಲವೊಮ್ಮೆ ಕಂಪ್ಯೂಟರಿಗಿಂತ ಹೆಚ್ಚು. ಕಣ್ಣಿದ್ದವರು ಪರದೆ ನೋಡಲು ಬೇರೆ ದುಡ್ಡು ಕೊಡುವುದಿಲ್ಲ, ನಾವೇಕೆ ಕೊಡಬೇಕು ಎಂಬುದು ಆತನ ತರ್ಕ. ಚಿಕ್ಕಂದಿನಲ್ಲಿ ಸಂಗೀತ ಶಿಬಿರದಲ್ಲಿ ಸಿಕ್ಕ ಗೆಳೆಯ ಜೇಮ್ಸ್ ಟೇ ಜೊತೆಗೂಡಿದ. ಇಬ್ಬರಿಗೂ ಕಣ್ಣಿಲ್ಲ. ಪೈಥಾನ್ ಭಾಷೆಯಲ್ಲಿ ಬರೆದ ಅವರ ಎನ್‌ವಿಡಿಎ ಉಚಿತ, ಮುಕ್ತ. ಅದರ ಜೊತೆಗೇ ಬರುವ ಈಸ್ಪೀಕ್ ಕಂಠಗಳಲ್ಲಿ ಕನ್ನಡವೂ ಇದೆ, ತೆಲುಗೂ ಇದೆ. ರೋಬೋ ಮಾತಾಡಿದಂತೆ ಒಣಗಿದ ದನಿ, ನಿಜ. ಆದರೆ ಎಷ್ಟು ವೇಗ ಹೆಚ್ಚಿಸಿದರೂ ಅಕ್ಷರ ಒಡೆಯುವುದಿಲ್ಲ. ಪಳಗಿದ ಬಳಕೆದಾರರು ಇಂಪಿಗಿಂತ ಓಟಕ್ಕೇ ಬೆಲೆ ಕೊಡುತ್ತಾರೆ.

ಮೀಸೇವ ಬೆಂಚಿನ ಹುಡುಗನ ಮೊಬೈಲಿಗೆ ಇನ್ನೂ ಹತ್ತಿರದ ನೆಂಟಸ್ತಿಕೆಯಿದೆ. ಪುಣೆಯ ಟಿ.ವಿ. ರಾಮನ್ 14ನೇ ವಯಸ್ಸಿನಲ್ಲಿ ಗ್ಲಾಕೋಮಾದಿಂದ ದೃಷ್ಟಿ ಕಳೆದುಕೊಂಡರು. ಮುಂಬೈ ಐಐಟಿಯಲ್ಲಿ ಓದಿ, ಗಣಿತದ ಸೂತ್ರಗಳನ್ನು ಕಂಪ್ಯೂಟರಿನಿಂದ ಓದಿಸುವ ಬಗ್ಗೆ 1994ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದಿಂದ ಪಿಎಚ್.ಡಿ. ಪಡೆದರು. ಗೂಗಲ್ ಸೇರಿದ ಮೇಲೆ ಟಚ್‌ಸ್ಕ್ರೀನನ್ನು ಕಣ್ಣಿಲ್ಲದೆ ಬಳಸುವ ಕೆಲಸಕ್ಕೆ ಕೈಹಾಕಿದರು. ಆಂಡ್ರಾಯ್ಡ್‌ನ ಟಾಕ್‌ಬ್ಯಾಕ್ ಹಿಂದೆ ಆ ತಂಡದ ದುಡಿಮೆಯಿದೆ. ನಯವಾದ ಗಾಜಿನ ಮೇಲೆ ಕುರುಡರಿಗೇನು ಕೆಲಸ ಎಂದು ಜಗತ್ತು ಕೇಳುತ್ತಿದ್ದ ಕಾಲ ಅದು.

[ಬಾಕ್ಸ್] ಪಕ್ಕದೂರಿನ ಇನ್ನೊಂದು ದನಿ

ಓದಲು ಬಾರದವರು ಮಾಹಿತಿಯಿಂದ ಹೊರಗುಳಿಯಬೇಕಿಲ್ಲ ಎಂಬುದನ್ನು ಈ ಸೀಮೆ ಇನ್ನೊಂದು ರೀತಿಯಲ್ಲಿ ಮೊದಲೇ ಕಂಡಿದೆ. ಜಹೀರಾಬಾದ್ ಬಳಿಯ ಮಾಚನೂರಿನಲ್ಲಿ ದಲಿತ ಮಹಿಳೆಯರೇ ನಡೆಸುವ ‘ಸಂಘಂ ರೇಡಿಯೊ’ 2008ರ ಅಕ್ಟೋಬರ್‌ನಲ್ಲಿ ಪ್ರಸಾರ ಶುರುಮಾಡಿತು. ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಆಸರೆಯ ಈ ಕೇಂದ್ರದಲ್ಲಿ ಬೀಜ, ಬೆಳೆ, ಹಬ್ಬ, ಮದ್ದಿನ ಮಾತುಗಳೆಲ್ಲ ಊರ ಮಾತಿನಲ್ಲೇ ಗಾಳಿಗೆ ಏರಿದವು.

ಕಣ್ಣು ಮಿಟುಕಿಸಿ!

ನಮ್ಮಲ್ಲಿ ಕಾನೂನಿಗೆ ಬರವಿಲ್ಲ. ಸರ್ಕಾರಿ ಜಾಲತಾಣಗಳು ಹೇಗಿರಬೇಕೆಂಬ ಮಾರ್ಗಸೂಚಿ 2009ರಲ್ಲೇ ಬಂತು. ಅದರ ಮೂರನೆಯ ಆವೃತ್ತಿ 2023ರಲ್ಲಿ. ‘ಸುಗಮ್ಯ ಭಾರತ’ ಅಭಿಯಾನ 2015ರ ಡಿಸೆಂಬರ್ 3ರಂದು ಶುರುವಾಯಿತು. 2017ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ಅಂಗವಿಕಲರ ಹಕ್ಕುಗಳ ಕಾಯ್ದೆ ಎಲೆಕ್ಟ್ರಾನಿಕ್ ಮಾಹಿತಿ ಎಲ್ಲರಿಗೂ ಸಿಗಬೇಕೆಂದು ಹೇಳುತ್ತದೆ, ಖಾಸಗಿಯವರನ್ನೂ ಸೇರಿಸಿ. 2011ರ ಜನಗಣತಿಯ ಪ್ರಕಾರ ದೃಷ್ಟಿದೋಷವುಳ್ಳವರು ದೇಶದಲ್ಲಿ 50 ಲಕ್ಷಕ್ಕೂ ಮಿಕ್ಕಿ ಇದ್ದರು.

ಎಡವಟ್ಟಾದದ್ದು ನಿಯಮಗಳಲ್ಲಿ. ಕಾಯ್ದೆ ‘ಮಾಡಲೇಬೇಕು’ ಎಂದರೆ, ನಿಯಮದಡಿ ಬಂದ ಮಾರ್ಗಸೂಚಿಗಳು ಬಹುಮಟ್ಟಿಗೆ ‘ಮಾಡಿದರೆ ಒಳ್ಳೆಯದು’ ಎಂದವು. ದೃಷ್ಟಿದೋಷವುಳ್ಳ ರಾಜೀವ್ ರತೂರಿ ಹೂಡಿದ್ದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2024ರ ನವೆಂಬರ್ 8ರಂದು ಆ ಸಡಿಲ ನಿಯಮವನ್ನು ಕಾಯ್ದೆಗೆ ವಿರುದ್ಧವೆಂದು ಸಾರಿತು. ಕಡ್ಡಾಯವಾದ ಮಾನದಂಡಗಳನ್ನು ಮೂರು ತಿಂಗಳೊಳಗೆ ಬೇರೆಯಾಗಿ ಬರೆಯಿರಿ ಎಂದಿತು.

ಆರು ತಿಂಗಳು ಕಳೆಯುವುದರೊಳಗೆ ಇನ್ನೊಂದು ತೀರ್ಪು. ಬ್ಯಾಂಕ್ ಖಾತೆ, ಸಿಮ್ ಕಾರ್ಡುಗಳಿಗೆ ಈಗ ಕ್ಯಾಮೆರಾ ಮುಂದೆ ಕೆವೈಸಿ ಮಾಡಿಸಬೇಕಲ್ಲ? ನೀವು ಜೀವಂತ ಮನುಷ್ಯ ಎಂದು ಖಾತ್ರಿಪಡಿಸಲು ಅದು ಕಣ್ಣು ಮಿಟುಕಿಸಲು ಹೇಳುತ್ತದೆ. ಆ್ಯಸಿಡ್ ದಾಳಿಯಲ್ಲಿ ಕಣ್ಣಿಗೆ ಪೆಟ್ಟು ಬಿದ್ದ ಪ್ರಜ್ಞಾ ಪ್ರಸೂನ್ ಮಿಟುಕಿಸುವುದಾದರೂ ಹೇಗೆ? ಪೂರ್ತಿ ದೃಷ್ಟಿಯಿಲ್ಲದ ವಕೀಲ ಅಮರ್ ಜೈನ್, ಮುಖ ಚೌಕಟ್ಟಿನೊಳಗಿದೆಯೋ ಇಲ್ಲವೋ ಎಂಬುದನ್ನು ದನಿ ಹೇಳದಿದ್ದರೆ ತಿಳಿಯುವುದು ಹೇಗೆ? ಇಬ್ಬರ ಅರ್ಜಿಗಳನ್ನೂ ಕೇಳಿದ ನ್ಯಾಯಮೂರ್ತಿಗಳಾದ ಜೆ.ಬಿ. ಪಾರ್ದೀವಾಲಾ ಮತ್ತು ಆರ್. ಮಹದೇವನ್ ಅವರ ಪೀಠ 2025ರ ಏಪ್ರಿಲ್ 30ರಂದು 20 ನಿರ್ದೇಶನಗಳನ್ನು ಕೊಟ್ಟಿತು. ಡಿಜಿಟಲ್ ಸೌಲಭ್ಯ ಪಡೆಯುವ ಹಕ್ಕು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನೊಳಗೇ ಸೇರಿದೆ ಎಂಬುದು ಅದರ ತಿರುಳು.

ಓದಲು ಬಂದವರಿಗೆ ಓದುವುದು ಹೇಗೆಂದು

ಇಷ್ಟಾದರೂ ಅನೇಕ ಸರ್ಕಾರಿ ಜಾಲತಾಣಗಳಲ್ಲಿ ಒಂದು ತಮಾಷೆ ಉಳಿದಿದೆ. ಮೂಲೆಯಲ್ಲಿ ‘ಸ್ಕ್ರೀನ್ ರೀಡರ್ ಆ್ಯಕ್ಸೆಸ್’ ಎಂಬ ಕೊಂಡಿ. ಒಳಗೆ ಹೋದರೆ ಇಂತಿಂಥ ಸ್ಕ್ರೀನ್ ರೀಡರ್‌ಗಳಿವೆ, ಇಳಿಸಿಕೊಳ್ಳಿ ಎಂಬ ಪಟ್ಟಿ. ಕಣ್ಣಿಲ್ಲದವನು ಆ ಕೊಂಡಿಯನ್ನು ಮುಟ್ಟಿದ್ದೇ ಸ್ಕ್ರೀನ್ ರೀಡರಿನಿಂದ! ಒಂದರಿಂದೊಂದು ನಕಲಾಗಿ ಹಬ್ಬಿದ ಆ ಪಟ್ಟಿಯಲ್ಲಿ 2017ರಲ್ಲೇ ಮಾರಾಟ ನಿಂತುಹೋದ ವಿಂಡೋ-ಐಸ್ ಕೂಡ ಹಲವೆಡೆ ಇನ್ನೂ ರಾರಾಜಿಸುತ್ತಿದೆ.

ಹೊಸ ಪ್ರಕಟಣೆಯ ಪಕ್ಕ ಮಿಣಮಿಣ ಎನ್ನುವ ‘ನ್ಯೂ’ ಚಿತ್ರ ಗೊತ್ತಲ್ಲ? ಅದಕ್ಕೆ ವಿವರಣೆ ಬರೆಯದಿದ್ದರೆ ಕೆಲವು ಸ್ಕ್ರೀನ್ ರೀಡರ್‌ಗಳು ಕಡತದ ಹೆಸರನ್ನೇ ಓದುತ್ತವೆ. “ನ್ಯೂ ಅಂಡರ್‌ಸ್ಕೋರ್ ಐಕಾನ್ ಡಾಟ್ ಗಿಫ್.” ಹದಿನೈದು ಪ್ರಕಟಣೆಗೆ ಹದಿನೈದು ಸಲ.

ನಂತರದ ಹೆಬ್ಬಾಗಿಲು ಕ್ಯಾಪ್ಚಾ. ಸೊಟ್ಟ ಅಕ್ಷರದ ಚಿತ್ರ ತೋರಿಸಿ ನೀವು ಯಂತ್ರವಲ್ಲವೆಂದು ಸಾಬೀತುಪಡಿಸಿ ಎನ್ನುವ ಪರೀಕ್ಷೆ. ಕೇಳಿಸಿಕೊಂಡು ಬರೆಯುವ ಪರ್ಯಾಯ ಕೊಡದಿದ್ದರೆ ಅದು ಯಂತ್ರವನ್ನೂ ಕುರುಡನನ್ನೂ ಒಂದೇ ಸಾಲಿನಲ್ಲಿ ಹೊರಗೆ ನಿಲ್ಲಿಸುತ್ತದೆ. ಈಗಂತೂ ಸೊಟ್ಟ ಅಕ್ಷರವನ್ನು ಯಂತ್ರಗಳೇ ಸಲೀಸಾಗಿ ಓದುತ್ತವೆ, ಹೊರಗುಳಿಯುವವನು ಒಬ್ಬನೇ.

ಈ ಗೋಜಲಿಗೆ ಅಡ್ಡದಾರಿ ಮಾರುವವರೂ ಹುಟ್ಟಿದ್ದಾರೆ. ಒಂದು ಸಾಲು ಅಂಟಿಸಿ ಸಾಕು, ನಮ್ಮ ಸಾಧನ ನಿಮ್ಮ ಪುಟವನ್ನು ತಾನೇ ಸರಿಮಾಡುತ್ತದೆ ಎಂಬ ಜಾಹೀರಾತು. ಹಾಗೆ ಹೇಳಿಕೊಂಡ ಆ್ಯಕ್ಸೆಸಿಬಿ ಎಂಬ ಕಂಪನಿಗೆ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2025ರ ಜನವರಿಯಲ್ಲಿ 10 ಲಕ್ಷ ಡಾಲರ್ ತೆರಬೇಕೆಂದಿತು. ಚೀಟಿಯಿಲ್ಲದ ಬಾಕ್ಸಿನಲ್ಲಿ ಏನು ಬರೆಯಬೇಕೆಂಬುದು ಅದನ್ನು ಮಾಡಿದವನಿಗೆ ಗೊತ್ತಿರುವಷ್ಟು ಇನ್ನಾರಿಗೆ ಗೊತ್ತು?

[ಬಾಕ್ಸ್] ಶಾಲೆ, ಗುಡಿ, ಅಂಗಡಿಯ ಪುಟ ಮಾಡಿಸುವವರಿಗೆ

ಪುಟ ಮಾಡಿಕೊಡುವ ಹುಡುಗನಿಗೆ ದುಡ್ಡು ಕೊಡುವ ಮೊದಲು ಅವನ ಎದುರೇ ಮೌಸ್ ಬದಿಗಿಟ್ಟು ‘ಟ್ಯಾಬ್’ ಕೀಲಿಯೊಂದರಿಂದಲೇ ಅರ್ಜಿ ತುಂಬಲು ಹೇಳಿ. ಎಲ್ಲಿ ಸಿಕ್ಕಿಬೀಳುತ್ತಾನೋ ಅಲ್ಲಿ ಕೆಲಸ ಬಾಕಿಯಿದೆ. ಆಮೇಲೆ ಮೊಬೈಲಿನ ಟಾಕ್‌ಬ್ಯಾಕ್ ಹಚ್ಚಿ ಕೇಳಿ.

ಚಿತ್ರಕ್ಕೆ ವಿವರಣೆ ಬರೆಯುವಾಗ ‘ಫೋಟೊ’ ಎಂದು ಬರೆಯಬೇಡಿ, ಅದು ಫೋಟೊ ಎಂದು ಯಂತ್ರವೇ ಹೇಳುತ್ತದೆ. ಜಾತ್ರೆಯ ಪೋಸ್ಟರ್ ಆದರೆ ದಿನ, ವೇಳೆ, ಜಾಗ ಬರೆಯಿರಿ. ಬರೀ ಅಲಂಕಾರದ ಬಳ್ಳಿಯಾದರೆ ವಿವರಣೆಯನ್ನು ಬೇಕೆಂದೇ ಖಾಲಿ ಬಿಡಿ. ದನಿ ಅದನ್ನು ದಾಟಿ ಹೋಗುತ್ತದೆ.

ವಾಟ್ಸ್ಆ್ಯಪ್ ಗುಂಪಿಗೆ ಕರೆಂಟ್ ತೆಗೆಯುವ ಸೂಚನೆಯ ಫೋಟೊ ಹಾಕಿದರೆ ಕೆಳಗೆ ಎರಡು ಸಾಲು ಟೈಪ್ ಮಾಡಿ.

ಬಿಸಿಲಿಗೆ ಹಿಡಿದ ಮೊಬೈಲು

ಈ ಕೆಲಸವನ್ನು ಯಾರ ಮೇಲಿನ ಕರುಣೆಗೋ ಮಾಡಬೇಕಾದ್ದಿಲ್ಲ. ವೆಬ್ ಪ್ರವೇಶಸಾಧ್ಯತೆಯ ಅಂತರರಾಷ್ಟ್ರೀಯ ಮಾನದಂಡಗಳ ಮೊದಲ ಆವೃತ್ತಿ ಬಂದದ್ದು 1999ರ ಮೇ ತಿಂಗಳಲ್ಲಿ, ಈಗ ಚಾಲ್ತಿಯಲ್ಲಿರುವ 2.2 ಬಂದದ್ದು 2023ರ ಅಕ್ಟೋಬರ್‌ನಲ್ಲಿ. ಅದರ ಪ್ರಕಾರ ಮಾಮೂಲಿ ಗಾತ್ರದ ಅಕ್ಷರ ಮತ್ತು ಹಿನ್ನೆಲೆಯ ನಡುವಿನ ಬೆಳಕಿನ ಅಂತರ ಕನಿಷ್ಠ 4.5ಕ್ಕೆ 1 ಇರಬೇಕು. ಮಂದದೃಷ್ಟಿಯವರಿಗಾಗಿ ಬರೆದ ನಿಯಮ. ತಾಂಡೂರಿನ ತೊಗರಿ ಹೊಲದಲ್ಲಿ ನೆತ್ತಿಯ ಬಿಸಿಲಿಗೆ ನಿಂತು ಮೊಬೈಲಿನಲ್ಲಿ ಮಾರುಕಟ್ಟೆ ದರ ನೋಡುವ ರೈತನಿಗೆ ಆ ನಿಯಮ ಎಷ್ಟು ಉಪಯೋಗವೆಂಬುದನ್ನು ಹವಾನಿಯಂತ್ರಿತ ಕೋಣೆಯಲ್ಲಿ ತಿಳಿಬೂದು ಅಕ್ಷರ ಆರಿಸುವ ವಿನ್ಯಾಸಕಾರ ಊಹಿಸಿರಲಾರ.

ಬಾಕ್ಸಿಗೆ ಸರಿಯಾಗಿ ಹೆಸರು ಜೋಡಿಸಿದರೆ ಇನ್ನೊಂದು ಲಾಭ ಪುಕ್ಕಟೆ ಸಿಗುತ್ತದೆ. ಆಗ ಬಾಕ್ಸನ್ನೇ ಮುಟ್ಟಬೇಕಾಗಿಲ್ಲ, ಹೆಸರನ್ನು ಮುಟ್ಟಿದರೂ ಅದು ತೆರೆದುಕೊಳ್ಳುತ್ತದೆ. ‘ಒಪ್ಪಿದ್ದೇನೆ’ ಎಂಬ ಎಳ್ಳುಕಾಳಿನಷ್ಟು ಚೌಕಕ್ಕೆ ಗುರಿಯಿಟ್ಟು ಕುಟ್ಟುವುದು ತಪ್ಪಿ, ಪೂರ್ತಿ ಸಾಲೇ ಬೆರಳಿಗೆ ಸಿಗುತ್ತದೆ. ಮೀಸೇವ ಅಂಗಡಿಯಲ್ಲಿ ದಿನಕ್ಕೆ ಹತ್ತಾರು ಅರ್ಜಿ ತುಂಬುವವನಿಗೆ, ಕಲ್ಲಿನ ಗಣಿಯಲ್ಲಿ ದುಡಿದು ಬೆರಳು ದಡ್ಡುಗಟ್ಟಿದವನಿಗೆ, ಕೈ ನಡುಗುವ ಅಜ್ಜನಿಗೆ ಇದರಿಂದ ಎಷ್ಟು ಸಲೀಸು ಎಂಬುದನ್ನು ಪುಟ ಕಟ್ಟುವವರು ಒಂದು ಸಲ ಆ ಬೆಂಚಿನ ಮೇಲೆ ಕೂತು ನೋಡಬಹುದು.